ಕೀ ಕೊಡುವ ಕೈಗಡಿಯಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಬೀರುವಿನಲ್ಲಿ ಅಪ್ಪನದೋ ಅಜ್ಜನದೋ ವಾಚು ಸಿಕ್ಕವರು, ಹಳೆಯ ವಾಚನ್ನು ಆಸೆಪಟ್ಟು ಕೊಂಡವರು, ಮೊದಲ ಬಾರಿಗೆ ಕೀ ಕೊಡುವ ಗಡಿಯಾರ ಕಟ್ಟಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ಎಚ್‌ಎಂಟಿಯ ಹೆಸರು ಮತ್ತೆ ಮತ್ತೆ ಬರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ವಾಚುಗಳೇ ನಮ್ಮ ಮನೆಗಳಲ್ಲಿ ಹೆಚ್ಚು ಉಳಿದಿವೆ. ಆದರೆ ಇಲ್ಲಿನ ಮಾತು ಹಳೆಯ ಫಾವ್ರ್ ಲ್ಯೂಬಾಗೂ ವೆಸ್ಟ್ ಎಂಡ್‌ಗೂ ಇಂದಿನ ಹೊಸ ವಾಚಿಗೂ ಅನ್ವಯಿಸುತ್ತದೆ; ಒಳಗಿನ ಯಂತ್ರದ ತತ್ವ ಎಲ್ಲದರಲ್ಲೂ ಒಂದೇ.

ನನ್ನ ವಾಚು ಕೀ ಕೊಡುವಂಥದ್ದೋ ಬ್ಯಾಟರಿಯದ್ದೋ ಆಟೋಮ್ಯಾಟಿಕ್ಕೋ ಎಂದು ತಿಳಿಯುವುದು ಹೇಗೆ?

ಸೆಕೆಂಡ್ ಮುಳ್ಳನ್ನು ನೋಡಿ. ಬ್ಯಾಟರಿಯ ವಾಚಿನಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ನೆಗೆದು ನಿಲ್ಲುತ್ತದೆ. ಯಾಂತ್ರಿಕ ವಾಚಿನಲ್ಲಿ ಸೆಕೆಂಡಿಗೆ ಐದು ಅಥವಾ ಹೆಚ್ಚು ಪುಟ್ಟ ಹೆಜ್ಜೆ ಇಡುತ್ತಾ ಹರಿದಂತೆ ಸಾಗುತ್ತದೆ. ಇನ್ನು ವಾಚನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಆಡಿಸಿ. ಒಳಗೆ ಭಾರದ ತಟ್ಟೆಯೊಂದು ಗಿರಕಿ ಹೊಡೆದ ಸದ್ದು ಬಂದರೆ ಅದು ಆಟೋಮ್ಯಾಟಿಕ್. ಕೈಯ ಚಲನೆಯಿಂದ ತಾನೇ ಕೀ ತುಂಬಿಕೊಳ್ಳುತ್ತದೆ. ಎಚ್‌ಎಂಟಿಯಲ್ಲಿ ಜನತಾ, ಪೈಲಟ್, ಸೋನಾ ಕೈಯಿಂದ ಕೀ ಕೊಡುವಂಥವು. ಒಂದು ಕಾಲದಲ್ಲಿ ಮದುವೆಯ ಉಡುಗೊರೆಯಾಗಿ ಹೆಸರು ಮಾಡಿದ್ದ ಕಾಂಚನ್ ಆಟೋಮ್ಯಾಟಿಕ್.

ಕೀ ಕೊಡುವ ಸರಿಯಾದ ಕ್ರಮ ಯಾವುದು?

ಮೊದಲು ವಾಚನ್ನು ಕೈಯಿಂದ ಬಿಚ್ಚಿ. ಕಟ್ಟಿಕೊಂಡೇ ಕೀ ಕೊಡುವಾಗ ಬೆರಳು ಗುಂಡಿಯನ್ನು ಓರೆಯಾಗಿ ಎಳೆಯುತ್ತದೆ. ಗುಂಡಿಯಿಂದ ಒಳಕ್ಕೆ ಹೋಗುವ ಕಡ್ಡಿ ಬಹಳ ತೆಳು. ವರ್ಷಗಟ್ಟಲೆ ಹಾಗೆ ಎಳೆದರೆ ಕಡ್ಡಿಯೂ ಅದು ಹಾದುಹೋಗುವ ತೂತೂ ಸವೆಯುತ್ತವೆ. ಗುಂಡಿ ಸಡಿಲವಾಗಿ ಅಲ್ಲಾಡುವ ಹಳೆಯ ವಾಚುಗಳಲ್ಲಿ ಎಷ್ಟೋ ಸಲ ಇದೇ ಕಾರಣ.

ಡಯಲು ನಿಮ್ಮ ಕಡೆಗಿರಲಿ. ಗುಂಡಿ ಪೂರ್ತಿ ಒಳಗೆ ಒತ್ತಿರಬೇಕು. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದು ನಿಧಾನವಾಗಿ ಮುಂದಕ್ಕೆ, ಅಂದರೆ 12ರ ಕಡೆಗೆ ತಿರುಗಿಸಿ. ಕರ್ ಕರ್ ಎಂಬ ಸದ್ದು ಬರುತ್ತದೆ. ಹಲ್ಲಿನ ಚಕ್ರವೊಂದಕ್ಕೆ ತಡೆಯಾಗಿ ಕುಳಿತ ಪುಟ್ಟ ಕೊಕ್ಕೆಯ ಸದ್ದು ಅದು. ಸುತ್ತಿದ ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವುದು ಆ ಕೊಕ್ಕೆಯೇ. ಕೊನೆಯ ಸುತ್ತುಗಳಲ್ಲಿ ಗುಂಡಿ ತುಸು ಬಿಗಿಯಾಗುತ್ತದೆ, ಆಮೇಲೆ ಇನ್ನು ಮುಂದೆ ಹೋಗುವುದಿಲ್ಲ ಎಂದು ಸ್ಪಷ್ಟವಾಗಿ ನಿಲ್ಲುತ್ತದೆ. ಅಲ್ಲಿಗೆ ಸಾಕು.

ಎಷ್ಟು ಸುತ್ತು ಕೊಡಬೇಕು?

ಪೂರ್ತಿ ನಿಂತಿದ್ದ ವಾಚಿಗೆ ಸಾಮಾನ್ಯವಾಗಿ 20ರಿಂದ 40 ಬೆರಳ ತಿರುವು ಬೇಕಾಗುತ್ತದೆ. ದಿನವೂ ಕೀ ಕೊಡುವ ವಾಚಿಗೆ ಅದಕ್ಕಿಂತ ಕಡಿಮೆ. ಗುಂಡಿಯ ಗಾತ್ರ, ಯಂತ್ರದ ಮಾದರಿ, ಬೆರಳಿನ ಅಗಲ ಎಲ್ಲವೂ ಲೆಕ್ಕವನ್ನು ಬದಲಿಸುತ್ತವೆ. ಹಾಗಾಗಿ ಎಣಿಸುವುದಕ್ಕಿಂತ ಬೆರಳಿಗೆ ಸಿಗುವ ತಡೆಯನ್ನು ನಂಬುವುದು ಒಳ್ಳೆಯದು. ಒಂದು ವಾರದಲ್ಲಿ ಬೆರಳು ಕಲಿತುಬಿಡುತ್ತದೆ.

ಜಾಸ್ತಿ ಕೀ ಕೊಟ್ಟರೆ ವಾಚು ಕೆಡುತ್ತದೆಯಲ್ಲವೇ?

ಈ ಭಯ ಮನೆಮನೆಯಲ್ಲೂ ಇದೆ. ಮಕ್ಕಳ ಕೈಗೆ ವಾಚು ಕೊಡದೆ ಇದ್ದದ್ದಕ್ಕೂ, ಅರ್ಧಕ್ಕೇ ಕೀ ನಿಲ್ಲಿಸುವ ಅಭ್ಯಾಸಕ್ಕೂ ಇದೇ ಮೂಲ. ಆದರೆ ಇದು ನಿಜವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈ ನಂಬಿಕೆಯಿಂದ ನಿಜವಾದ ಕಾಯಿಲೆ ಮರೆಯಾಗುತ್ತದೆ.

ವಾಚಿನ ಮುಖ್ಯ ಸ್ಪ್ರಿಂಗ್ ಒಂದು ದುಂಡನೆಯ ಡಬ್ಬಿಯೊಳಗೆ ಸುರುಳಿಯಾಗಿ ಕುಳಿತಿರುತ್ತದೆ. ಅದರ ಒಳತುದಿ ನಡುವಿನ ಅಚ್ಚಿಗೆ, ಹೊರತುದಿ ಡಬ್ಬಿಯ ಗೋಡೆಗೆ ಸಿಕ್ಕಿಸಿರುತ್ತದೆ. ಕೀ ಕೊಟ್ಟಂತೆ ಸುರುಳಿ ಅಚ್ಚಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಎಲ್ಲ ಸುತ್ತೂ ಮುಗಿದಾಗ ಗುಂಡಿ ನಿಲ್ಲುತ್ತದೆ. ಪೂರ್ತಿ ಸುತ್ತಿದ ಸ್ಥಿತಿಯೇ ಅದರ ಸಹಜ ಸ್ಥಿತಿ, ಹಾಗೆ ಸುತ್ತಲೆಂದೇ ಅದನ್ನು ಮಾಡಿದ್ದಾರೆ. ನಿಂತ ಮೇಲೂ ಇಕ್ಕಳ ಹಿಡಿದು ತಿರುಗಿಸಿದರೆ ಏನಾದರೂ ಮುರಿದೀತು. ಎರಡು ಬೆರಳ ಸಹಜ ಬಲಕ್ಕೆ ಸುಸ್ಥಿತಿಯಲ್ಲಿರುವ ವಾಚು ಹಾಳಾಗುವುದಿಲ್ಲ.

ಹಾಗಾದರೆ ‘ಕೀ ಜಾಸ್ತಿಯಾಗಿ ನಿಂತುಹೋದ’ ವಾಚುಗಳ ಕಥೆ ಏನು? ಕೀ ಪೂರ್ತಿ ತುಂಬಿದ್ದರೂ ಓಡದ ವಾಚಿನಲ್ಲಿ ಬಹುತೇಕ ಎಣ್ಣೆ ಒಣಗಿ ಅಂಟಾಗಿರುತ್ತದೆ. ಸ್ಪ್ರಿಂಗಿನಲ್ಲಿ ಬಲ ಇದೆ, ಆದರೆ ಅಂಟಿಕೊಂಡ ಚಕ್ರಗಳನ್ನು ತಳ್ಳಲು ಅದು ಸಾಲುತ್ತಿಲ್ಲ. ಮನೆಯವರು ಗುಂಡಿ ತಿರುಗಿಸಿ ನೋಡುತ್ತಾರೆ, ತಿರುಗುವುದಿಲ್ಲ. ಯಾರೋ ಜಾಸ್ತಿ ಕೀ ಕೊಟ್ಟಿದ್ದಾರೆ ಎಂಬ ತೀರ್ಮಾನವಾಗುತ್ತದೆ. ವಾಚು ಮತ್ತೆ ಬೀರು ಸೇರುತ್ತದೆ. ಅದಕ್ಕೆ ಬೇಕಾಗಿದ್ದದ್ದು ಒಂದು ಸರ್ವೀಸ್ ಮಾತ್ರ.

ಇದಕ್ಕೆ ವಿರುದ್ಧವಾಗಿ, ಗುಂಡಿ ಎಷ್ಟು ತಿರುಗಿಸಿದರೂ ತಡೆಯೇ ಸಿಗದಿದ್ದರೆ ಸ್ಪ್ರಿಂಗ್ ತುಂಡಾಗಿರಬಹುದು ಅಥವಾ ಅದರ ತುದಿ ಕಳಚಿರಬಹುದು. ಹಳೆಯ ಉಕ್ಕಿನ ಸ್ಪ್ರಿಂಗುಗಳು ವಯಸ್ಸಾಗಿ ತುಂಡಾಗುವುದುಂಟು. ಇನ್ನೊಂದು ಮಾತು: ಆಟೋಮ್ಯಾಟಿಕ್ ವಾಚಿಗೆ ಕೈಯಿಂದ ಕೀ ಕೊಡುವಾಗ ತಡೆ ಸಿಗದಿರುವುದು ಸಹಜ. ಅದರ ಸ್ಪ್ರಿಂಗಿನ ಹೊರತುದಿ ಡಬ್ಬಿಯ ಗೋಡೆಗೆ ಜಾರುವಂತೆ ಇರುತ್ತದೆ.

ದಿನದ ಯಾವ ಹೊತ್ತಿನಲ್ಲಿ ಕೀ ಕೊಡಬೇಕು? ಎರಡು ದಿನಕ್ಕೊಮ್ಮೆ ಕೊಟ್ಟರೆ ಆಗದೇ?

ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಪೂರ್ತಿಯಾಗಿ. ಬೆಳಿಗ್ಗೆ ಆದರೆ ಉತ್ತಮ.

ಕೀ ಕೊಡುವ ವಾಚುಗಳು ಸಾಮಾನ್ಯವಾಗಿ ಒಂದೂವರೆ ದಿನಕ್ಕಿಂತ ಹೆಚ್ಚು ಓಡುತ್ತವೆ. ಹೀಗಾಗಿ ಒಂದು ಬೆಳಿಗ್ಗೆ ಮರೆತರೂ ಅಂದು ಸಂಜೆಯವರೆಗೆ ಓಡುತ್ತಲೇ ಇರಬಹುದು. ಆದರೆ ಸ್ಪ್ರಿಂಗ್ ಬಿಚ್ಚಿಕೊಂಡಂತೆ ಅದರ ಬಲ ಇಳಿಯುತ್ತದೆ, ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಓಲಾಟ ಸಣ್ಣದಾಗುತ್ತದೆ, ಆಗ ಸಮಯವೂ ಬದಲಾಗುತ್ತದೆ. ಬೆಳಿಗ್ಗೆ ಕೀ ಕೊಟ್ಟರೆ ನೀವು ಓಡಾಡುವ, ಬಸ್ಸಿನಲ್ಲಿ ಕುಲುಕುವ, ಕೈ ಬೀಸುವ ಇಡೀ ಹಗಲು ಸ್ಪ್ರಿಂಗಿನ ಬಲದ ಭಾಗದಲ್ಲೇ ಕಳೆಯುತ್ತದೆ. ರಾತ್ರಿಯೇ ಅನುಕೂಲ ಎನ್ನುವವರು ರಾತ್ರಿಯೇ ಕೊಡಲಿ. ಹೊತ್ತು ತಪ್ಪದಿರುವುದು ಮುಖ್ಯ.

ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಬಹುದೇ?

ಬಹುದು. ಹಿಂದಕ್ಕೆ ತಿರುಗಿಸಿದಾಗ ಹಲ್ಲುಗಳು ಜಾರುತ್ತವೆ, ಸ್ಪ್ರಿಂಗಿಗೆ ಏನೂ ಆಗುವುದಿಲ್ಲ.

ಸಮಯ ಸರಿಪಡಿಸುವಾಗ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು ಎನ್ನುತ್ತಾರೆ. ನಿಜವೇ?

ಜನತಾದಂಥ ಬರೀ ಮೂರು ಮುಳ್ಳಿನ ವಾಚಿನಲ್ಲಿ ಕೆಲವು ನಿಮಿಷ ಮೆಲ್ಲಗೆ ಹಿಂದಕ್ಕೆ ತಂದರೆ ತೊಂದರೆಯಿಲ್ಲ. ತಾರೀಖು, ವಾರ ತೋರಿಸುವ ವಾಚಾದರೆ ಎಚ್ಚರ ಬೇಕು. ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖಿನ ತಟ್ಟೆಯನ್ನು ತಳ್ಳುವ ಹಲ್ಲು ಕೆಲಸದಲ್ಲಿರುತ್ತದೆ. ಆ ಹೊತ್ತನ್ನು ಮುಳ್ಳುಗಳು ತೋರಿಸುತ್ತಿರುವಾಗ ತಾರೀಖನ್ನು ಗುಂಡಿಯಿಂದ ಬದಲಿಸಲು ಹೋದರೆ ಹಲ್ಲು ಮುರಿಯಬಹುದು. ಮುಳ್ಳನ್ನು 6ರ ಆಸುಪಾಸಿಗೆ ತಂದು ತಾರೀಖು ಬದಲಿಸಿ, ಆಮೇಲೆ ಸಮಯ ಸೇರಿಸಿ.

ಸಮಯ ಹೊಂದಿಸಲು ಒಂದು ಕಾಲಕ್ಕೆ ಆಕಾಶವಾಣಿಯ ವಾರ್ತೆಗೆ ಮುನ್ನ ಬರುವ ಪೀಪ್ ಸದ್ದಿಗೆ ಕಾಯುತ್ತಿದ್ದರು. ಈಗ ಮೊಬೈಲ್ ಸಾಕು. ಇಂಟರ್‌ನೆಟ್ ಮೂಲಕ ಕೇಳುವ ರೇಡಿಯೊವನ್ನು ಮಾತ್ರ ನೆಚ್ಚಬೇಡಿ, ಅದು ಹಲವು ಸೆಕೆಂಡ್ ತಡವಾಗಿ ಬರುತ್ತದೆ.

ದಿನಕ್ಕೆ ಎಷ್ಟು ಸೆಕೆಂಡ್ ತಪ್ಪಿದರೆ ಸಹಜ?

ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ ಪ್ರಮಾಣಪತ್ರ ಸಿಗಬೇಕಾದರೆ ಯಂತ್ರದ ದಿನದ ಸರಾಸರಿ ವ್ಯತ್ಯಾಸ ಹಿಂದಕ್ಕೆ 4 ಸೆಕೆಂಡ್, ಮುಂದಕ್ಕೆ 6 ಸೆಕೆಂಡ್ ಮೀರಬಾರದು. ಅದು ದುಬಾರಿ ವಾಚುಗಳ ಮಟ್ಟ. ಸರಿಯಾಗಿ ಸರ್ವೀಸ್ ಆದ ಹಳೆಯ ಎಚ್‌ಎಂಟಿ ದಿನಕ್ಕೆ 15ರಿಂದ 30 ಸೆಕೆಂಡಿನೊಳಗೆ ಇದ್ದರೆ ನಾನು ಸಂತೋಷಪಡುತ್ತೇನೆ.

ಆ ಸಂಖ್ಯೆ ಕಳಪೆಯೆನಿಸಿದರೆ ಒಂದು ಲೆಕ್ಕ ನೋಡಿ. ಜನತಾ, ಪೈಲಟ್ ವಾಚುಗಳ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ, ದಿನಕ್ಕೆ 4,32,000 ಬಾರಿ ಬಡಿಯುತ್ತದೆ. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ 20 ಸೆಕೆಂಡ್ ತಪ್ಪಿದರೆ 4,320ರಲ್ಲಿ ಒಂದು ಪಾಲು ತಪ್ಪಿದಂತೆ. ಬ್ಯಾಟರಿಯಿಲ್ಲದೆ, ನಮ್ಮ ಬೇಸಿಗೆಯ ಸೆಖೆಯಲ್ಲೂ ಡಿಸೆಂಬರಿನ ಚಳಿಯಲ್ಲೂ, ಅಲ್ಲಾಡುವ ಕೈಯ ಮೇಲೆ ಒಂದು ಲೋಹದ ಸುರುಳಿ ಅಷ್ಟು ನಿಖರವಾಗಿರುವುದು ದೊಡ್ಡ ಸಾಧನೆ. ತಾಪಮಾನಕ್ಕೆ ಹಿಗ್ಗಿ ಕುಗ್ಗದ ಲೋಹಮಿಶ್ರಣಗಳ ಬಗ್ಗೆ ಕೆಲಸ ಮಾಡಿದ ಷಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಬ್ಯಾಲೆನ್ಸ್ ಚಕ್ರವನ್ನು ಒಂದೇ ಲಯದಲ್ಲಿ ತೂಗಿಸುವ, ತಾಪಮಾನ ಬದಲಾದರೂ ಬಿಗುವು ಬದಲಾಗದ ಕೂದಲೆಳೆಯಂಥ ಹೇರ್‌ಸ್ಪ್ರಿಂಗುಗಳು ಆ ಕೆಲಸದ ಫಲ.

ಒಂದು ಉಪಯುಕ್ತ ಯುಕ್ತಿ: ರಾತ್ರಿ ಬಿಚ್ಚಿಡುವಾಗ ವಾಚನ್ನು ಯಾವ ಭಂಗಿಯಲ್ಲಿ ಇಡುತ್ತೀರಿ ಎಂಬುದರ ಮೇಲೂ ವೇಗ ತುಸು ಬದಲಾಗುತ್ತದೆ. ಡಯಲು ಮೇಲಾಗಿ ಕೆಲವು ರಾತ್ರಿ, ಗುಂಡಿ ಮೇಲಾಗಿ ಕೆಲವು ರಾತ್ರಿ ಇಟ್ಟು ಬರೆದಿಟ್ಟುಕೊಳ್ಳಿ. ಹಗಲಿನಲ್ಲಿ ಗಳಿಸಿದ ಸೆಕೆಂಡುಗಳನ್ನು ರಾತ್ರಿ ಕಳೆಯುವ ಭಂಗಿ ಸಿಕ್ಕೀತು.

ನಿನ್ನೆಯವರೆಗೆ ಚೆನ್ನಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತಿದೆ. ಏನಾಗಿದೆ?

ಮೊದಲು ಅನುಮಾನಿಸಬೇಕಾದದ್ದು ಆಯಸ್ಕಾಂತವನ್ನು. ಹೇರ್‌ಸ್ಪ್ರಿಂಗ್ ಕಾಂತತ್ವ ಪಡೆದರೆ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ, ವಾಚು ನಾಗಾಲೋಟ ಹೂಡುತ್ತದೆ. ಸ್ಪೀಕರ್, ಆಯಸ್ಕಾಂತದ ಬಟನ್ ಇರುವ ಕೈಚೀಲ, ಮೊಬೈಲ್ ಮತ್ತು ಟ್ಯಾಬ್ಲೆಟ್ ಕವರ್, ಇಯರ್‌ಫೋನಿನ ಡಬ್ಬಿ, ಇವುಗಳ ಪಕ್ಕ ವಾಚು ಇಡುವ ಅಭ್ಯಾಸ ಬಿಡಿ. ದಿಕ್ಸೂಚಿಯ ಹತ್ತಿರ ವಾಚು ತಂದಾಗ ಸೂಜಿ ಚಂಗನೆ ತಿರುಗಿದರೆ ಅನುಮಾನ ಬಲವಾಗುತ್ತದೆ. ವಾಚು ರಿಪೇರಿಯವರ ಬಳಿ ಕಾಂತತ್ವ ತೆಗೆಯುವ ಪುಟ್ಟ ಯಂತ್ರ ಇರುತ್ತದೆ. ಅರೆ ನಿಮಿಷದ ಕೆಲಸ. ಆಮೇಲೂ ಓಟ ನಿಲ್ಲದಿದ್ದರೆ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿರಬಹುದು ಅಥವಾ ಪೆಟ್ಟಿನಿಂದ ಸುರುಳಿ ಸಿಕ್ಕಿಕೊಂಡಿರಬಹುದು.

ಕೈ ತೊಳೆಯುವಾಗ, ಮಳೆಯಲ್ಲಿ, ಸ್ನಾನದಲ್ಲಿ?

ಹಳೆಯ ವಾಚಿಗೆ ನೀರು ಸೋಕಿಸಲೇಬೇಡಿ. ಹಿಂಬದಿಯಲ್ಲಿ ನೀರು ತಡೆಯುತ್ತದೆ ಎಂದು ಕೆತ್ತಿದ್ದರೂ ನಂಬಬೇಡಿ. ನೀರು ತಡೆಯಬೇಕಿದ್ದ ರಬ್ಬರ್ ಉಂಗುರ ದಶಕಗಳ ಹಿಂದೆಯೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ.

ಕರಾವಳಿಯವರೂ ಮಲೆನಾಡಿನವರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನಷ್ಟು ಜಾಗರೂಕರಾಗಿರಬೇಕು. ಗಾಜಿನ ಒಳಗೆ ಮಂಜು ಕಟ್ಟಿತೆಂದರೆ ತೇವ ಒಳಹೊಕ್ಕಿದೆ ಎಂದೇ ಅರ್ಥ. ಬಿಸಿಲಿಗೆ ಇಟ್ಟರೆ, ಅಕ್ಕಿ ಡಬ್ಬದಲ್ಲಿ ಹುಗಿದರೆ ಗಾಜಿನ ಮಂಜು ಮಾಯವಾಗಬಹುದು. ಆದರೆ ಅಷ್ಟರಲ್ಲಿ ತೇವ ಉಕ್ಕಿನ ಬಿಡಿಭಾಗಗಳ ಮೇಲೆ ಕುಳಿತು ತುಕ್ಕು ಶುರುಮಾಡಿರುತ್ತದೆ. ಅಂದೇ ರಿಪೇರಿಯವರ ಬಳಿ ಒಯ್ದು ತೆರೆಸಿ. ಒಂದು ವಾರ ಬಿಟ್ಟು ಹೋದರೆ ಅವರಿಗೂ ಉಳಿಸುವುದು ಕಷ್ಟ.

ಚರ್ಮದ ಬೆಲ್ಟು ಬೆವರಿಗೂ ಮಳೆಗೂ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ನೈಲಾನ್ ಪಟ್ಟಿ ಅಥವಾ ಸ್ಟೀಲ್ ಚೈನು ಹಾಕಿ. ಬೆವರಿನಿಂದ ಹಿತ್ತಾಳೆಯ ಕೇಸುಗಳ ಲೇಪ ಎದ್ದು ಹಸಿರು ಕಿಲುಬು ಬರುತ್ತದೆ; ಸಂಜೆ ಬಿಚ್ಚಿದ ಕೂಡಲೇ ಒಣ ಹತ್ತಿಬಟ್ಟೆಯಿಂದ ಹಿಂಬದಿ ಒರೆಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಗಾಜಿನ ತುಂಬ ಗೀರು. ಬದಲಿಸಲೇಬೇಕೇ?

ಹಳೆಯ ಎಚ್‌ಎಂಟಿಗಳ ‘ಗಾಜು’ ಹೆಚ್ಚಾಗಿ ಅಕ್ರಿಲಿಕ್. ಬೇಗ ಗೀರುತ್ತದೆ, ಆದರೆ ಉಜ್ಜಿದರೆ ಹೊಳೆಯುತ್ತದೆ. ಸಾದಾ ಬಿಳಿ ಟೂತ್‌ಪೇಸ್ಟನ್ನು ಕಡಲೆಕಾಳಿನಷ್ಟು ಮೆತ್ತನೆಯ ಬಟ್ಟೆಗೆ ಹಚ್ಚಿ ಗಾಜಿನ ಮೇಲೆ ಮಾತ್ರ ವೃತ್ತಾಕಾರದಲ್ಲಿ ಕೆಲವು ನಿಮಿಷ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಸಣ್ಣ ಗೀರು ಹೋಗುತ್ತದೆ. ಆಳದ ಗೀರಿಗೆ ಗಾಜು ಬದಲಿಸುವುದೇ ದಾರಿ. ಸ್ಯಾನಿಟೈಸರ್, ಸ್ಪಿರಿಟ್, ಉಗುರು ಬಣ್ಣ ತೆಗೆಯುವ ದ್ರವ ಮಾತ್ರ ಬೇಡ. ಅಕ್ರಿಲಿಕ್ ಬಿರುಕು ಬಿಡುತ್ತದೆ ಅಥವಾ ಮಂಕಾಗುತ್ತದೆ.

17 ಜ್ಯುವೆಲ್ಸ್ ಎಂದು ಬರೆದಿದೆ. ಒಳಗೆ ನಿಜವಾದ ರತ್ನ ಇದೆಯೇ?

ಇದೆ, ಕೃತಕ ಮಾಣಿಕ್ಯ. ಚಕ್ರಗಳ ಸೂಜಿಮೊನೆಯಂಥ ಅಚ್ಚುಗಳು ಲೋಹದ ತೂತಿನಲ್ಲಿ ತಿರುಗಿದರೆ ಬೇಗ ಸವೆಯುತ್ತವೆ. ನುಣುಪಾದ ಮಾಣಿಕ್ಯದ ತೂತಿನಲ್ಲಿ ದಶಕಗಟ್ಟಲೆ ತಿರುಗುತ್ತವೆ. ಗಡಿಯಾರಕ್ಕೆ ರತ್ನ ಕೂರಿಸುವ ವಿಧಾನಕ್ಕೆ 1704ರಲ್ಲೇ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿತ್ತು. ಮಾರಿದರೆ ಹಣ ಬರುವ ಕಲ್ಲುಗಳಲ್ಲ ಇವು. ಕೀ ಕೊಡುವ ಸಾದಾ ವಾಚಿಗೆ 17 ಸಾಕು. ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ವಾಚು ಮೇಲು ಎಂದಲ್ಲ.

‘ಪ್ಯಾರಾ ಶಾಕ್’ ಎಂದಿದ್ದರೆ ಬಿದ್ದರೂ ಪರವಾಗಿಲ್ಲವೇ?

ಅದು ಸಿಟಿಜನ್‌ನಿಂದ ಬಂದ ತಂತ್ರ. ಬ್ಯಾಲೆನ್ಸ್ ಚಕ್ರದ ಅಚ್ಚಿನ ಮೊನೆ ಕೂರುವ ರತ್ನವನ್ನು ಪುಟ್ಟ ಸ್ಪ್ರಿಂಗಿನ ಮೇಲೆ ಇಟ್ಟಿರುತ್ತಾರೆ. ಪೆಟ್ಟು ಬಿದ್ದಾಗ ರತ್ನ ಕದಲಿ ಮೊನೆಯನ್ನು ಉಳಿಸುತ್ತದೆ. ದಿನನಿತ್ಯದ ತಾಗುವಿಕೆಗೆ ಇದು ಸಾಕು, ಸಿಮೆಂಟು ನೆಲಕ್ಕೆ ಬೀಳುವುದಕ್ಕೆ ಸಾಲದು. ಕ್ರಿಕೆಟ್ ಆಡುವಾಗ, ಸೌದೆ ಒಡೆಯುವಾಗ, ತೆಂಗಿನಕಾಯಿ ಸುಲಿಯುವಾಗ ಬಿಚ್ಚಿಡಿ.

ಎಷ್ಟು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಬೇಕು? ಚೆನ್ನಾಗಿ ಓಡುತ್ತಿದ್ದರೂ ಬೇಕೇ?

ದಿನವೂ ಕಟ್ಟುವ ವಾಚಿಗೆ ನಾಲ್ಕೈದು ವರ್ಷಕ್ಕೊಮ್ಮೆ. ಚೆನ್ನಾಗಿ ಓಡುತ್ತಿದ್ದರೂ ಬೇಕು, ಮತ್ತು ಇಡೀ ಪುಟದಲ್ಲಿ ನಾನು ಅತಿ ಹೆಚ್ಚು ಕಾಳಜಿಯಿಂದ ಹೇಳುವ ಮಾತು ಇದು. ಎಣ್ಣೆಯಿಲ್ಲದ ವಾಚು ನಿಲ್ಲುವುದಕ್ಕೆ ಮುಂಚೆ ಬಹಳ ಕಾಲ ಓಡುತ್ತದೆ, ಓಡುತ್ತಲೇ ತನ್ನನ್ನು ತಾನು ಸವೆಸಿಕೊಳ್ಳುತ್ತದೆ. ಎಣ್ಣೆ ಧೂಳಿನೊಂದಿಗೆ ಸೇರಿ ಕಪ್ಪು ಅರೆಯುವ ಹಿಟ್ಟಾಗುತ್ತದೆ. ಒಂದು ಸರ್ವೀಸಿನ ಖರ್ಚು ಉಳಿಸಲು ಹೋಗಿ, ಈಗ ಸಿಗುವುದೇ ದುರ್ಲಭವಾದ ಬಿಡಿಭಾಗವನ್ನು ಕಳೆದುಕೊಳ್ಳುತ್ತೇವೆ.

ಸರ್ವೀಸ್ ಎಂದರೆ ಏನೆಂಬುದೂ ತಿಳಿದಿರಬೇಕು. ಯಂತ್ರವನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನು ತೊಳೆದು ಒಣಗಿಸಿ, ಸವೆದದ್ದನ್ನು ಗುರುತಿಸಿ, ಮತ್ತೆ ಜೋಡಿಸುತ್ತಾ ಬೇಕಾದ ಜಾಗಕ್ಕೆ ಮಾತ್ರ ಸೂಜಿಮೊನೆಯಷ್ಟು ಎಣ್ಣೆ ಇಟ್ಟು, ಕೊನೆಗೆ ವೇಗ ಹೊಂದಿಸುವುದು. ಬಿಚ್ಚದೆಯೇ ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದು ಎಣ್ಣೆ ಬಿಡುವವರೂ ಇದ್ದಾರೆ. ವಾಚು ತಕ್ಷಣ ಓಡುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ನಿಲ್ಲುತ್ತದೆ. ಮನೆಯಲ್ಲೇ ಹೊಲಿಗೆ ಯಂತ್ರದ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಿಡುವುದಂತೂ ವಾಚಿನ ಪಾಲಿಗೆ ವಿಷ.

ಒಳ್ಳೆಯ ರಿಪೇರಿಯವರನ್ನು ಗುರುತಿಸುವುದು ಹೇಗೆ? ಬಿಡಿಭಾಗ ಸಿಗುತ್ತದೆಯೇ?

ಬೆಲ್ಟು, ಬ್ಯಾಟರಿ ಮಾತ್ರ ಬದಲಿಸುವ ಅಂಗಡಿ ಬೇರೆ, ಯಂತ್ರ ಬಿಚ್ಚುವವರು ಬೇರೆ. ‘ಪೂರ್ತಿ ಬಿಚ್ಚಿ ತೊಳೆಯುತ್ತೀರಾ, ಎಷ್ಟು ದಿನ ಬೇಕು’ ಎಂದು ಕೇಳಿ. ಹತ್ತು ನಿಮಿಷದಲ್ಲಿ ಕೊಡುತ್ತೇನೆ ಎಂದರೆ ಬೇಡ. ಕೆಲವು ದಿನ ಬಿಟ್ಟು ಬನ್ನಿ, ಜೋಡಿಸಿದ ಮೇಲೆ ಓಡಿಸಿ ನೋಡಬೇಕು ಎನ್ನುವವರು ಕೆಲಸ ಬಲ್ಲವರು. ಹಳೆಯ ಪೇಟೆಬೀದಿಗಳಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತ ಹಿರಿಯರು ಇನ್ನೂ ಇದ್ದಾರೆ. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ಆ ಕೈಚಳಕ ಕಲಿಯಲು ಬರುವವರು ಕಡಿಮೆಯಾಗುತ್ತಿದ್ದಾರೆ.

ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಬಿಡಿಭಾಗಗಳು ಈಗ ಬರುವುದು ಹಳೆಯ ದಾಸ್ತಾನಿನಿಂದ ಅಥವಾ ಕೆಟ್ಟ ವಾಚುಗಳಿಂದ. ಓಡದ ಎಚ್‌ಎಂಟಿ ಮನೆಯಲ್ಲಿದ್ದರೆ ಗುಜರಿಗೆ ಹಾಕದೆ ರಿಪೇರಿಯವರಿಗೆ ಕೊಡಿ, ಇನ್ನೊಂದು ವಾಚು ಬದುಕುತ್ತದೆ.

ಕಟ್ಟದೆ ಇಟ್ಟ ವಾಚಿಗೂ ದಿನಾ ಕೀ ಕೊಡಬೇಕೇ?

ಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಕೀ ಕೊಟ್ಟು ಓಡಿಸಿ ನೋಡಿದರೆ ಆರೋಗ್ಯ ತಿಳಿಯುತ್ತದೆ. ಕರ್ಪೂರ, ನುಸಿಗುಳಿಗೆಗಳ ಜೊತೆ ಇಡಬೇಡಿ. ತೇವವಿಲ್ಲದ ಡಬ್ಬಿಯಲ್ಲಿ ಇಡಿ. ಆದರೂ ಕಟ್ಟುವುದೇ ಮೇಲು.

ಆನ್‌ಲೈನಿನಲ್ಲಿ ಬಣ್ಣಬಣ್ಣದ ಡಯಲಿನ ಹಳೆಯ ಎಚ್‌ಎಂಟಿ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?

ಬಹಳಷ್ಟು ಇಂಥವು ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲು ಕೂರಿಸಿ, ಸಿಕ್ಕ ಕೇಸಿಗೆ ಹಾಕಿದವು. ಅಕ್ಷರಗಳು ಸೊಟ್ಟಗಿರುವುದು, ಗೆರೆಗಳು ದಪ್ಪನಾಗಿರುವುದು, ಬಳಸಿದ ಕೇಸಿನಲ್ಲಿ ಮಿರಮಿರ ಮಿಂಚುವ ಡಯಲು ಇವು ಸುಳಿವು. ಯಂತ್ರದ ಚಿತ್ರ ಕೇಳಿ. ಕೊಡಲು ಹಿಂಜರಿದರೆ ಬಿಟ್ಟುಬಿಡಿ. ಮಸುಕಾದರೂ ಮೂಲ ಡಯಲಿನ ವಾಚಿಗೆ ತುಸು ಹೆಚ್ಚು ಕೊಡುವುದು ಸರಿ.

ಅಪ್ಪನ ವಾಚಿನ ಡಯಲು ಹಳದಿಗಟ್ಟಿದೆ. ಹೊಸದಾಗಿ ಬರೆಸಲೇ?

ಬೇಡ. ಯಂತ್ರವನ್ನು ಹೊಸದರಂತೆ ಮಾಡಿಸಿ, ಗಾಜು ಉಜ್ಜಿ, ಬೆಲ್ಟು ಬದಲಿಸಿ, ಡಯಲನ್ನು ಮುಟ್ಟಬೇಡಿ. ಒಮ್ಮೆ ಮೇಲೆ ಬಣ್ಣ ಬಳಿದರೆ ಮೂಲ ಮತ್ತೆ ಬರುವುದಿಲ್ಲ. ದೇವನಾಗರಿ ಅಕ್ಷರದ ಹಳೆಯ ಜನತಾ ಡಯಲುಗಳನ್ನು ಹೀಗೆ ಅಳಿಸಿಹಾಕಿದ್ದು ನೋಡಿದಾಗ ಹೊಟ್ಟೆ ಉರಿಯುತ್ತದೆ. ಕತ್ತಲಲ್ಲಿ ಹೊಳೆಯುವ ಬಣ್ಣವಿರುವ ತೀರ ಹಳೆಯ ವಾಚಾದರೆ ಇನ್ನೊಂದು ಕಾರಣವೂ ಇದೆ: ಅಂಥ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಧಾತು ಇರಬಹುದು. ಕಟ್ಟಿಕೊಳ್ಳಲು ಭಯಬೇಡ, ಆದರೆ ಕೆರೆದು ಪುಡಿ ಎಬ್ಬಿಸಬಾರದು. ರಿಪೇರಿಗೆ ಕೊಡುವಾಗ ಈ ಎರಡನ್ನೂ ಬಾಯಿಬಿಟ್ಟು ಹೇಳಿ, ಬದಲಿಸಿದ ಹಳೆಯ ಭಾಗಗಳನ್ನು ಒಂದು ಪೊಟ್ಟಣದಲ್ಲಿ ಹಿಂದಕ್ಕೆ ಕೇಳಿ ಪಡೆಯಿರಿ.